ಚಾಪೆ ತುಳಿಯುವ ಮಾಣಿ

ದೀಪಾವಳಿ ಕಳೆದು ಒಂದು ವಾರಕ್ಕೆ ನಮ್ಮ ಮಾಂಟೆಸ್ಸರಿ ಮನೆಗೆ ಒಬ್ಬ ಹೊಸ ಮಾಣಿ ಬಂದ. ವಯಸ್ಸು ಎರಡು ವರ್ಷ ಏಳು ತಿಂಗಳು. ಹೆಸರು ಬೇಡ, ಇಲ್ಲಿ ಮಾಣಿ ಅಂತಲೇ ಕರೆಯುತ್ತೇನೆ. ಶಿರಸಿ ಪೇಟೆಯಿಂದ ಸ್ವಲ್ಪ ದೂರದ ತೋಟದ ಮನೆ. ಅಪ್ಪ, ಆಯಿ, ಅಜ್ಜ, ಅಮ್ಮಮ್ಮ, ಚಿಕ್ಕಪ್ಪ, ಎಲ್ಲರೂ ಇರುವ ಮನೆ.

ಶಾಲೆ ಶುರುವಾಗುವುದು ಜೂನ್‌ನಲ್ಲಿ. ಇವನು ನಡುವರ್ಷದಲ್ಲಿ ಬಂದದ್ದಕ್ಕೆ ಕಾರಣ ಕೊನೆಕೊಯ್ಲು, ಅಂದರೆ ಅಡಿಕೆ ಗೊನೆ ಇಳಿಸುವ ಕೆಲಸ. ಮರ ಹತ್ತಿ ಕೊಯ್ಯುವ ಕೊನೆಗೌಡ ಯಾವತ್ತು ಸಿಗುತ್ತಾನೋ ಅವತ್ತು ಕೊಯ್ಲು. ಆಮೇಲೆ ಸುಲಿಯುವುದು, ಬೇಯಿಸುವುದು, ಒಣಗಿಸುವುದು. ಮನೆಯಲ್ಲಿ ಯಾರ ಕೈಯೂ ಖಾಲಿ ಇಲ್ಲ. "ಬೆಳಗಿನ ಮೂರು ತಾಸು ನೀವು ಇಟ್ಕಂಡ್ರೆ ನಮಗೆ ಅಡಿಕೆ ಕೆಲಸ ಆಗ್ತು ಅಕ್ಕೋರೆ" ಅಂತ ಅವನ ಆಯಿ ನೇರವಾಗಿಯೇ ಹೇಳಿದಳು. ನನಗೆ ಆ ನೇರ ಮಾತು ಇಷ್ಟವಾಯಿತು. ಮಗುವಿನ ಸರ್ವಾಂಗೀಣ ಬೆಳವಣಿಗೆ ಅಂತ ಶುರು ಮಾಡುವ ಪಾಲಕರಿಗಿಂತ ಇದು ವಾಸಿ.

ನನಗೂ ಒಳಗೊಳಗೆ ಖುಷಿಯೇ. ಜೂನ್‌ನಲ್ಲಿ ಒಟ್ಟಿಗೆ ಏಳೆಂಟು ಹೊಸ ಮಕ್ಕಳು ಬರುತ್ತಾರೆ. ಹೊರಗೆ ಮಳೆ, ಒಳಗೆ ಅಳು. ನಾಲ್ಕು ದಿನ ಹೊಂದಿಕೊಂಡರು ಅನ್ನುವಾಗ ಮಳೆಗೆ ರಜೆ ಬೀಳುತ್ತದೆ, ಮತ್ತೆ ಮೊದಲಿನಿಂದ. ನವೆಂಬರ್‌ನಲ್ಲಿ ಹಾಗಲ್ಲ. ಹದಿನೆಂಟು ಮಕ್ಕಳು ಆಗಲೇ ಅವರವರ ಕೆಲಸದಲ್ಲಿ ಮುಳುಗಿರುತ್ತಾರೆ. ಎರಡೂವರೆಯಿಂದ ಆರು ವರ್ಷದವರೆಗಿನವರು ಒಂದೇ ಕೋಣೆಯಲ್ಲಿ. ಹೊಸಬ ಒಬ್ಬನೇ ಬಂದರೆ ದೊಡ್ಡವರನ್ನು ನೋಡಿಯೇ ಅರ್ಧ ಕಲಿಯುತ್ತಾನೆ. ಇದು ನನ್ನ ಲೆಕ್ಕಾಚಾರ. ಲೆಕ್ಕ ಎಲ್ಲಿ ತಪ್ಪಿತು ಅಂತ ಹೇಳುವುದಕ್ಕೇ ಇಷ್ಟೆಲ್ಲ ಬರೆಯುತ್ತಿದ್ದೇನೆ.

ಬಾಳೆಹಣ್ಣಿನ ಸುಳ್ಳು

ಮೊದಲ ದಿನ ಆಯಿ ಬಾಗಿಲ ಹತ್ತಿರ ಕುರ್ಚಿಯಲ್ಲಿ ಕೂತಿದ್ದಳು. ಪಾಲಕರಿಗೆ ನಾವು ಹೇಳುವುದು ಇಷ್ಟೇ: ಕೂತುಕೊಳ್ಳಿ, ಆಟ ಆಡಿಸಬೇಡಿ, ಮೊಬೈಲ್ ನೋಡಬೇಡಿ. ನೀವು ಅಲ್ಲಿ ಇದ್ದೀರಿ ಅಂತ ಮಗುವಿಗೆ ಗೊತ್ತಿದ್ದರೆ ಸಾಕು. ಮಾಣಿ ಒಂದು ತಾಸು ಅವಳ ಮೊಣಕಾಲು ಬಿಡಲಿಲ್ಲ. ಆಮೇಲೆ ಮೆಲ್ಲಗೆ ಹೋಗಿ ನೀರಿನ ಹೂಜಿ ಮುಟ್ಟಿ ಬಂದ. ಒಳ್ಳೆಯ ಶುರು.

ಎರಡನೇ ದಿನ ಅಮ್ಮಮ್ಮ ಬಂದಿದ್ದರು. ಅವರಿಗೆ ಮನೆ ಕೆಲಸದ ಅವಸರ. ನಾನು ಆಚೆ ತಿರುಗಿದಾಗ "ಬಾಳೆಹಣ್ಣು ತಗಂಡ್ ಬತ್ತಿ" ಅಂತ ಹೇಳಿ ಹಿಂದಿನ ಬಾಗಿಲಿನಿಂದ ಹೊರಟೇ ಬಿಟ್ಟರು. ಮಾಣಿ ಅಳಲಿಲ್ಲ. ಬಾಗಿಲ ಹತ್ತಿರ ನಿಂತು ಕಾದ. ಒಳಗೆ ಬಂದವರನ್ನೆಲ್ಲ, ಪಾತ್ರೆ ತೊಳೆಯಲು ಬರುವವಳನ್ನೂ, "ಬಾಳೆಹಣ್ಣು?" ಅಂತ ಕೇಳಿದ. ಹನ್ನೆರಡು ಗಂಟೆವರೆಗೆ ಹಾಗೇ. ಮೂರನೇ ದಿನ ಗೇಟಿನಲ್ಲೇ ಸೀರೆಯ ಸೆರಗು ಹಿಡಿದುಕೊಂಡವನು ಬಿಡಲೇ ಇಲ್ಲ. ಆ ಒಂದು ಸುಳ್ಳು ತೊಳೆಯಲು ನಮಗೆ ಇನ್ನೂ ನಾಲ್ಕು ದಿನ ಬೇಕಾಯಿತು.

ಅಳುವುದನ್ನು ನೋಡಲಾರದೆ ಕದ್ದು ಹೋಗುವವರು ತುಂಬಾ ಜನ. ಅದು ದೊಡ್ಡವರ ಸಂಕಟಕ್ಕೆ ಔಷಧಿ, ಮಗುವಿನದಕ್ಕಲ್ಲ. ಹೇಳಿಯೇ ಹೋಗಬೇಕು. ಯಾವಾಗ ಬರುತ್ತೇನೆ ಅಂತಲೂ ಹೇಳಬೇಕು. ಗಡಿಯಾರದ ಹೊತ್ತು ಅವನಿಗೆ ಅರ್ಥವಾಗುವುದಿಲ್ಲ. "ಹಣ್ಣು ತಿಂದು, ಕೈ ತೊಳೆದು, ಚಪ್ಪಲಿ ಹಾಕಿಕೊಂಡ ಮೇಲೆ ಅಜ್ಜ ಬರ್ತಾರೆ" ಅಂದರೆ ಅರ್ಥವಾಗುತ್ತದೆ. ಮುಂದಿನ ವಾರ ಅವನು ಚಪ್ಪಲಿಯನ್ನು ಹತ್ತು ಗಂಟೆಗೇ ಹಾಕಿಕೊಂಡು ಕೂರುತ್ತಿದ್ದ. ಅಜ್ಜನನ್ನು ಬೇಗ ತರಿಸುವ ಉಪಾಯ! ಅದೂ ಎರಡು ದಿನ ನಡೆದು ಸುಮ್ಮನಾಯಿತು.

ಇಪ್ಪತ್ತಮೂರು ಸಲ

ನಮ್ಮಲ್ಲಿ ದೊಡ್ಡ ನಿಯಮಗಳ ಪಟ್ಟಿ ಏನಿಲ್ಲ. ಗೂಡಿನಿಂದ ತೆಗೆದದ್ದನ್ನು ತೆಗೆದಲ್ಲೇ ಇಡಬೇಕು. ಒಬ್ಬರು ಕೆಲಸ ಮಾಡುತ್ತಿರುವುದನ್ನು ಇನ್ನೊಬ್ಬರು ಮುಟ್ಟಬಾರದು. ಒಳಗೆ ಓಡಬಾರದು. ಕೆಲಸ ಚಾಪೆಯ ಮೇಲೆ, ಆ ಚಾಪೆಯನ್ನು ಯಾರೂ ತುಳಿಯಬಾರದು. ಚಾಪೆ ಅಂದರೆ ಆ ಮಗುವಿನ ಜಾಗ. ಒಂದೊಂದು ಸಾಮಾನೂ ಕೋಣೆಯಲ್ಲಿ ಒಂದೇ ಒಂದು ಇರುತ್ತದೆ, ಬೇಕಾದವರು ಕಾಯಬೇಕು. ಹಾಗಾಗಿ ಚಾಪೆಗೆ ಮರ್ಯಾದೆ ಇಲ್ಲದಿದ್ದರೆ ಇಡೀ ವ್ಯವಸ್ಥೆ ಕುಸಿಯುತ್ತದೆ.

ಮಾಣಿ ಚಾಪೆ ತುಳಿಯುತ್ತಿದ್ದ. ಅದೂ ಎಂತಾ ತುಳಿತ! ಗುಲಾಬಿ ಗೋಪುರ ಗೊತ್ತಲ್ವಾ, ಹತ್ತು ಘನಗಳು, ಒಂದು ಸೆಂಟಿಮೀಟರಿನಿಂದ ಹತ್ತು ಸೆಂಟಿಮೀಟರಿನವರೆಗೆ. ಯಾರೋ ಅದನ್ನು ಉಸಿರು ಬಿಗಿಹಿಡಿದು ಕಟ್ಟಿ ಮುಗಿಸುವಾಗ ಇವನು ನಡುವೆ ಹಾದು ಹೋಗುತ್ತಿದ್ದ. ನಾನು "ಚಾಪೆ ತುಳಿಬಾರದು" ಅನ್ನುತ್ತಿದ್ದೆ. ಬೆಳಿಗ್ಗೆ ಎಲ್ಲರನ್ನೂ ಸುತ್ತ ಕೂರಿಸಿಕೊಂಡು ಮತ್ತೊಮ್ಮೆ ಹೇಳುತ್ತಿದ್ದೆ. ಹಳೆ ಮಕ್ಕಳು ಬೇಸರದಿಂದ ತಲೆ ಅಲ್ಲಾಡಿಸುತ್ತಿದ್ದರು. ಮಾತು ಅವರಿಗಲ್ಲ ಅಂತ ಅವರಿಗೂ ಗೊತ್ತು.

ಒಂದು ದಿನ ಮಂಡಿಯೂರಿ ಕೂತು ಅವನನ್ನೇ ಕೇಳಿದೆ. "ಚಾಪೆ ತುಳಿಬಹುದಾ?"

"ಇಲ್ಲೆ" ಅಂದ. ಸ್ಪಷ್ಟವಾಗಿ. ಹಾಗೆ ಹೇಳುವಾಗ ಅವನ ಎರಡೂ ಕಾಲು ಚಾಪೆಯ ಮೇಲೇ ಇದ್ದವು.

ನವೆಂಬರ್ ಕೊನೆಯಲ್ಲಿ ಕೆಟ್ಟದ್ದು ನಡೆಯಿತು. ಐದು ವರ್ಷದ ಒಬ್ಬಳು ಕೂಸು ಸಾವಿರದ ಮಣಿಸರವನ್ನು ಜಗಲಿಯ ಉದ್ದಕ್ಕೂ ಹಾಸಿದ್ದಳು. ಹತ್ತು ಹತ್ತು ಬಂಗಾರದ ಬಣ್ಣದ ಮಣಿಗಳ ನೂರು ಕಡ್ಡಿ ಸೇರಿ ಆದ ಸರ ಅದು, ಏಳು ಮೀಟರಿಗಿಂತ ಉದ್ದ. ಪ್ರತಿ ಹತ್ತಕ್ಕೂ ಒಂದು ಚೀಟಿ ಇಡುತ್ತಾ ಹೋಗಬೇಕು. ಆರುನೂರ ನಲವತ್ತಕ್ಕೆ ಬಂದಿದ್ದಳು. ಒಂದೂವರೆ ತಾಸಿನ ಕೆಲಸ. ಮಾಣಿ ಆ ಕಡೆಯಿಂದ ಈ ಕಡೆಗೆ ಓಡಿದ. ಸರ ಕಾಲಿಗೆ ಸಿಕ್ಕಿ ಎಳೆದು ಹೋಯಿತು, ಚೀಟಿಗಳು ಅಂಗಳಕ್ಕೆ ಹಾರಿದವು. ಕೂಸು ಜೋರಾಗಿ ಅಳಲಿಲ್ಲ. ಕೆಳಗೆ ಕೂತು ಕಣ್ಣೊರೆಸಿಕೊಂಡಳು. ನಾನು ಮಾಣಿಯ ತೋಳು ಹಿಡಿದು, ಹಿಡಿಯಬೇಕಾದ್ದಕ್ಕಿಂತ ಬಿಗಿಯಾಗಿ ಹಿಡಿದು, ಗಟ್ಟಿ ದನಿಯಲ್ಲಿ ಬೈದೆ. ಹತ್ತೊಂಬತ್ತು ಮಕ್ಕಳ ಕೋಣೆ ಒಮ್ಮೆಗೇ ನಿಶ್ಶಬ್ದವಾಯಿತು. ನಮ್ಮ ಪದ್ಧತಿಯಲ್ಲಿ ಮೌನದ ಆಟ ಅಂತ ಒಂದಿದೆ. ಎಲ್ಲರೂ ಅಲುಗಾಡದೆ ಕೂತು, ಪಕ್ಕದ ಕೋಣೆಯಿಂದ ಪಿಸುಮಾತಿನಲ್ಲಿ ತಮ್ಮ ಹೆಸರು ಕರೆಯುವುದನ್ನು ಕಾಯುವ ಆಟ. ಆ ಮೌನ ಬೇರೆ. ಅವತ್ತಿನದು ಹೆದರಿಕೆಯ ಮೌನ.

ಮರುದಿನ ನಾನು ಏನೂ ಮಾಡದೆ ನೋಡಬೇಕು ಅಂತ ತೀರ್ಮಾನಿಸಿದೆ. ತರಬೇತಿಯಲ್ಲಿ ಎಲ್ಲಕ್ಕಿಂತ ಜಾಸ್ತಿ ಹೇಳಿಕೊಡುವುದು ನೋಡುವುದನ್ನೇ. ಕೆಲಸಕ್ಕೆ ಸೇರಿದ ಮೇಲೆ ನಾವು ಮೊದಲು ಮರೆಯುವುದೂ ಅದನ್ನೇ. ಸಹಾಯಕಿಗೆ ಕೋಣೆ ಒಪ್ಪಿಸಿ ಮೂಲೆಯಲ್ಲಿ ನೋಟ್‌ಬುಕ್ ಹಿಡಿದು ಕೂತೆ. ಒಂಬತ್ತೂಕಾಲರಿಂದ ಹನ್ನೊಂದೂವರೆವರೆಗೆ ಮಾಣಿ ಇಪ್ಪತ್ತಮೂರು ಸಲ ಚಾಪೆ ತುಳಿದ. ಅದರಲ್ಲಿ ಆರು ಸಲ ಅವನಿಗೆ ಗೊತ್ತೇ ಆಗಲಿಲ್ಲ. ಎಲ್ಲಿಗೋ ಹೊರಟಿದ್ದ, ದಾರಿಯಲ್ಲಿ ಚಾಪೆ ಇತ್ತು. ಉಳಿದ ಹದಿನೇಳು ಸಲ ಕಾಲಿಡುವ ಮೊದಲು ತಲೆಯೆತ್ತಿ ನೋಡಿದ. ನನ್ನನ್ನು, ಇಲ್ಲವೇ ಸಹಾಯಕಿಯನ್ನು.

ಅಂದರೆ ಇದು ಒಂದು ತೊಂದರೆಯಲ್ಲ, ಎರಡು. ಹದಿನೇಳು ಸಲದ್ದು ನಾನೇ ಕಲಿಸಿದ ಆಟ. ಚಾಪೆ ತುಳಿದರೆ ಅಕ್ಕೋರು ಓಡಿ ಬರುತ್ತಾರೆ, ಮಂಡಿಯೂರುತ್ತಾರೆ, ಮುಖಕ್ಕೆ ಮುಖ ಕೊಟ್ಟು ಮಾತಾಡುತ್ತಾರೆ. ಹೊಸ ಜಾಗದಲ್ಲಿ ಒಬ್ಬ ಪುಟ್ಟ ಮಗುವಿಗೆ ಇದಕ್ಕಿಂತ ಇನ್ನೇನು ಬೇಕು?

ನೋಟ್‌ಬುಕ್ಕಿನಲ್ಲಿ ಇನ್ನೊಂದು ಸಾಲೂ ಇದೆ. ಅದನ್ನು ಬರೆಯಲು ಸ್ವಲ್ಪ ನಾಚಿಕೆ. ಅದೇ ಹೊತ್ತಿನಲ್ಲಿ ಸಹಾಯಕಿ ನಾಲ್ಕು ಸಲ ಚಾಪೆಯ ಮೂಲೆ ದಾಟಿದಳು. ಅವಳನ್ನು ನೋಡಿ ನಗು ಬಂತು. ಮರುದಿನ ಅವಳಿಗೆ ನೋಟ್‌ಬುಕ್ ಕೊಟ್ಟು ನನ್ನನ್ನು ಎಣಿಸು ಅಂದೆ. ಏಳು.

ಅಡಿಕೆ ಅಂಗಳ

ಡಿಸೆಂಬರ್‌ನ ಒಂದು ಭಾನುವಾರ ಅವರ ಮನೆಗೆ ಹೋದೆ. ಹೊಸ ಮಕ್ಕಳ ಮನೆಗೆ ಒಮ್ಮೆಯಾದರೂ ಹೋಗುವುದು ನನ್ನ ರೂಢಿ. ಇವನ ಮನೆಗೆ ಹೋಗುವುದು ತಡವಾಗಿತ್ತು.

ಅಂಗಳದ ತುಂಬಾ ಅಡಿಕೆ. ಒಂದು ಕಡೆ ಬೇಯಿಸಿದ ಕೆಂಪಡಿಕೆ, ಇನ್ನೊಂದು ಕಡೆ ಚಾಲಿಗೆ, ಅಂದರೆ ಸಿಪ್ಪೆ ಸಮೇತ ಒಣಗಲು ಹಾಕಿದ ಹಣ್ಣಡಿಕೆ. ನಡುವೆ ಒಂದು ಅಡಿ ಅಗಲದ ದಾರಿ ಬಿಟ್ಟಿದ್ದರು, ಅದೂ ನೆಟ್ಟಗಿಲ್ಲ, ತುಳಸಿಕಟ್ಟೆ ಬಳಸಿಕೊಂಡು ಹೋಗುವ ದಾರಿ. ಜಗಲಿಯಲ್ಲಿ ಕೂತೆ. ಆಸರಿಗೆ, ಕುಡಿಯಲು ಏನು ಬೇಕು ಅಂತ, ಕೇಳಿದರು. ಆಯಿ ನೀರಿನ ಚೊಂಬು ತಂದಳು. ಬೆಲ್ಲದ ತಟ್ಟೆ ಮಾಣಿಯ ಕೈಯಲ್ಲಿ. ನನಗೆ ಕೊಟ್ಟಾಯಿತು. ಇನ್ನೊಂದು ಚೂರು ಕೊಟ್ಟಿಗೆ ಹತ್ತಿರ ಕೆಲಸ ಮಾಡುತ್ತಿದ್ದ ಅಜ್ಜನಿಗೆ. ಮಾಣಿ ಎರಡೂ ಕೈಯಲ್ಲಿ ತಟ್ಟೆ ಹಿಡಿದು ಅಂಗಳಕ್ಕೆ ಇಳಿದ.

ನಾನು ನೋಡುತ್ತಲೇ ಇದ್ದೆ. ಆ ಒಂದಡಿ ದಾರಿಯಲ್ಲಿ ಹೋದ. ತುಳಸಿಕಟ್ಟೆ ಹತ್ತಿರ ದಾರಿ ಸಣ್ಣದಾಗುವಲ್ಲಿ ನಿಂತ, ಕಾಲು ಎಲ್ಲಿಡಬೇಕು ಅಂತ ನೋಡಿಕೊಂಡ, ಒಂದು ಪಾದದ ಮುಂದೆ ಇನ್ನೊಂದು ಪಾದ ಇಟ್ಟು ದಾಟಿದ. ಒಂದೂ ಅಡಿಕೆ ಅಲುಗಲಿಲ್ಲ. ಬರುವಾಗಲೂ ಹಾಗೇ. ಇದೇ ಹುಡುಗ ನನ್ನ ಕೋಣೆಯಲ್ಲಿ ಇಪ್ಪತ್ತಮೂರು ಸಲ!

"ಇವನಿಗೆ ಯಾರು ಕಲಿಸಿದ್ದು?" ಅಂತ ಕೇಳಿದೆ. ಅಜ್ಜನಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. "ಕಲಿಸೂದೆಂತದು? ಎಲ್ಲರೂ ಸುತ್ತು ಹಾಕ್ಯಂಡೇ ಹೋಗ್ತ, ಅವನೂ ಹೋಗ್ತ" ಅಂದರು. ಮೊದಮೊದಲು ಒಮ್ಮೆ ರಾಶಿಯೊಳಗೆ ನುಗ್ಗಿದ್ದನಂತೆ. ಅಜ್ಜ ಬೈಯಲಿಲ್ಲ. ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು, ಚೆದುರಿದ್ದನ್ನು ಒಂದೊಂದಾಗಿ ಅವನ ಜೊತೆ ಹೆಕ್ಕಿದರಂತೆ. "ತಾಸು ಹಿಡತ್ತು" ಅಂತ ನಕ್ಕರು.

ಹೊರಡುವಾಗ ನಾನು ಮಾತಾಡುತ್ತಾ ಹಿಂದೆ ಸರಿದೆ. ಕಾಲ ಕೆಳಗೆ ಏನೋ ಉರುಳಿತು. "ತುಳಿಯಡ!" ಅಂತ ಮಾಣಿ ಕೂಗಿದ. ಬಗ್ಗಿ ನನ್ನ ಪಾದ ಎರಡೂ ಕೈಯಲ್ಲಿ ಹಿಡಿದು ಪಕ್ಕಕ್ಕೆ ಎಳೆದ. ಮುಖದಲ್ಲಿ ಸ್ವಲ್ಪವೂ ನಗು ಇಲ್ಲ.

ಈ ಪದ್ಧತಿ ಯಾವ ಊರಿನದು ಅಂತ ಅಜ್ಜ ಆಗ ಕೇಳಿದರು. ಇಟಲಿಯ ಡಾಕ್ಟರಮ್ಮ ಮರಿಯಾ ಮಾಂಟೆಸ್ಸರಿ 1907ರಲ್ಲಿ ರೋಮ್‌ನ ಬಡ ಬಡಾವಣೆಯಲ್ಲಿ ಶುರು ಮಾಡಿದ್ದು ಅಂದೆ. ಅಪ್ಪ ಅಮ್ಮ ಕೂಲಿಗೆ ಹೋದರೆ ಮಕ್ಕಳು ಕಟ್ಟಡದ ಗೋಡೆ ಹಾಳು ಮಾಡುತ್ತಿದ್ದವು, ಅವನ್ನು ಒಂದು ಕಡೆ ಕೂರಿಸಲು ತೆರೆದ ಮನೆ ಅದು. 1939ರಲ್ಲಿ ಮದ್ರಾಸಿಗೆ ತರಬೇತಿ ಕೊಡಲು ಬಂದರು, ಯುದ್ಧ ಶುರುವಾಗಿ ಇಟಲಿ ಶತ್ರು ದೇಶವಾದ್ದರಿಂದ ಇಲ್ಲೇ ಉಳಿಯಬೇಕಾಯಿತು, ಕೊಡೈಕನಾಲಿನಲ್ಲೂ ಇದ್ದರು, 1946ರಲ್ಲಿ ವಾಪಸು ಹೋದರು ಅಂತಲೂ ಹೇಳಿದೆ. ಅಜ್ಜ ಎಲ್ಲ ಕೇಳಿ, "ಕೆಲಸ ಇಪ್ಪವರ ಮಕ್ಕಳಿಗೇ ಮಾಡಿದ್ದು ಹೇಳಾತು. ಅಡ್ಡಿಲ್ಲೆ" ಅಂದರು. ನಾನು ಕೇಳಿದ ವಿಮರ್ಶೆಗಳಲ್ಲಿ ಇದು ಚಿಕ್ಕದು, ಒಳ್ಳೆಯದೂ ಹೌದು.

ಏನು ಬದಲಾಯಿಸಿದೆವು

ಮೊದಲು ನೆಲ ನೋಡಿದೆ. ನಮ್ಮದು ಹಳೆಯ ಮನೆ, ಕೆಂಪು ಗಾರೆಯ ನೆಲ. ನಮ್ಮ ಚಾಪೆಗಳು ಕಂದುಗೆಂಪು. ಕೊಳೆ ಕಾಣಬಾರದು ಅಂತ ನಾನೇ ಆರಿಸಿ ತಂದದ್ದು. ಮಾಣಿಯ ಎತ್ತರಕ್ಕೆ ಕೂತು ನೋಡಿದರೆ ಚಾಪೆ ಎಲ್ಲಿ ಮುಗಿಯುತ್ತದೆ, ನೆಲ ಎಲ್ಲಿ ಶುರು ಅಂತ ನನಗೇ ಕಾಣಲಿಲ್ಲ. ಆ ಆರು ಸಲದ್ದು ಇದು. ಹುಲ್ಲು ಬಣ್ಣದ, ಹಸಿರು ಅಂಚಿನ ಚಾಪೆ ತಂದೆವು. ಗೂಡುಗಳ ಮುಂದೆ ಚಾಪೆ ಹಾಸದೆ ದಾರಿ ಬಿಟ್ಟೆವು. ಅಡಿಕೆ ಅಂಗಳದಲ್ಲಿ ದಾರಿ ಮೊದಲು ಬಿಡುತ್ತಾರೆ, ಆಮೇಲೆ ಹರಗುತ್ತಾರೆ. ನಾವು ಮೊದಲು ಹರಗಿ, ಆಮೇಲೆ ದಾರಿ ಇಲ್ಲ ಅಂತ ಮಕ್ಕಳಿಗೆ ಬೈಯುತ್ತಿದ್ದೆವು.

ಸಹಾಯಕಿ ಮತ್ತು ನಾನು ಸುತ್ತು ಹಾಕಿ ನಡೆಯಲು ಕಲಿತೆವು. ಇದು ಹೇಳಿದಷ್ಟು ಸುಲಭವಲ್ಲ. ಒಂದು ಕಡೆ ನೀರು ಚೆಲ್ಲಿದೆ, ಇನ್ನೊಂದು ಕಡೆ ಮಗುವಿಗೆ ಬಚ್ಚಲಿಗೆ ಅವಸರ, ಆಗಲೂ ಸುತ್ತು. ಮೊದಲ ವಾರ ಬೆನ್ನು ನೋವೇ ಬಂತು.

"ತುಳಿಬಾರದು" ಅನ್ನುವ ಮಾತನ್ನು ಪೂರ್ತಿ ನಿಲ್ಲಿಸಿದೆವು. ಬಾರದು ಅಂದರೆ ಏನು ಮಾಡಬಾರದು ಅಂತ ಮಾತ್ರ ತಿಳಿಯುತ್ತದೆ, ಬದಲಿಗೆ ಏನು ಮಾಡಬೇಕು ಅಂತ ತಿಳಿಯುವುದಿಲ್ಲ. ಜೊತೆಗೆ ಈ ವಯಸ್ಸು. ವಿಧೇಯತೆಗೆ ಮೂರು ಹಂತ ಅಂತ ಮಾಂಟೆಸ್ಸರಿ ಹೇಳಿದ್ದಾರೆ. ಮೊದಲ ಹಂತದಲ್ಲಿ ಮಗು ಒಮ್ಮೆ ಕೇಳುತ್ತದೆ, ಮುಂದಿನ ಸಲ ಕೇಳುವುದಿಲ್ಲ. ಹಟದಿಂದಲ್ಲ, ತನ್ನ ಕಾಲನ್ನು ತಾನು ತಡೆಯುವ ಶಕ್ತಿ ಇನ್ನೂ ಪೂರ್ತಿ ಬಂದಿಲ್ಲ, ಅದಕ್ಕೆ. ಎರಡನೇ ಹಂತದಲ್ಲಿ ಯಾವಾಗ ಹೇಳಿದರೂ ಮಾಡಬಲ್ಲದು. ಮೂರನೆಯದರಲ್ಲಿ ಮಾಡಲು ತಾನೇ ಇಷ್ಟಪಡುತ್ತದೆ. ಮಾಣಿ "ಇಲ್ಲೆ" ಅಂದು ಚಾಪೆ ಮೇಲೆ ನಿಂತಿದ್ದನಲ್ಲ, ಅವನು ಸುಳ್ಳು ಹೇಳಿರಲಿಲ್ಲ. ಗೊತ್ತಿರುವುದಕ್ಕೂ ಆಗುವುದಕ್ಕೂ ನಡುವೆ ಅವನು ನಿಂತಿದ್ದ.

ಆಮೇಲೆ ಪಾಠ. ಎಲ್ಲರೆದುರು ಅಲ್ಲ, ಅವನೊಬ್ಬನಿಗೆ. ಖಾಲಿ ಚಾಪೆಯೊಂದನ್ನು ಬಿಡಿಸಿದೆ. ಮಾತಿಲ್ಲದೆ, ನಿಧಾನವಾಗಿ, ಅಂಚಿನ ಪಕ್ಕ ಪಾದ ಇಟ್ಟು ಒಂದು ಸುತ್ತು ಬಂದೆ. ಮೂಲೆಯಲ್ಲಿ ನಿಂತು ಪಾದ ತಿರುಗಿಸುವುದನ್ನು ತೋರಿಸಿದೆ. "ಈಗ ನೀನು" ಅಂದೆ. ಹನ್ನೊಂದು ಸುತ್ತು ಹೊಡೆದ. ಐದನೆಯದರ ಹೊತ್ತಿಗೆ ನಾಲಿಗೆ ಹೊರಗೆ ಬಂದಿತ್ತು, ಅಷ್ಟು ಗಮನ. ಮರುದಿನ ಕೈಗೆ ತಟ್ಟೆ ಕೊಟ್ಟೆ, ಅದರಲ್ಲಿ ಒಂದು ಲೋಟ ನೀರು. ಖಾಲಿ ಕೈಯಲ್ಲಿ ಓಡುವ ಮಗು ತುಂಬಿದ ಲೋಟ ಹಿಡಿದರೆ ಓಡುವುದಿಲ್ಲ. ಓಡಬೇಡ ಅಂತ ಯಾರೂ ಹೇಳಬೇಕಿಲ್ಲ.

ಈ ವಯಸ್ಸಿನವರಿಗೆ ಭಾರ ಹೊರುವ ಹುಚ್ಚು. ಮನೆಯಲ್ಲಿ ಅಡಿಕೆ ಬುಟ್ಟಿ ಎಳೆಯುತ್ತಿದ್ದವನಿಗೆ ನಾನು ಸಣ್ಣ ಸಣ್ಣ ಗುಬುಟು ಹಿಡಿದು ಕುಳಿಗಳಲ್ಲಿ ಇಡುವ ಮರದ ಸಿಲಿಂಡರ್ ಕೊಟ್ಟು ಕೂರಿಸಲು ನೋಡಿದ್ದೆ. ಈಗ ಕುರ್ಚಿ ಹೊರುವುದು, ಬಕೆಟ್ಟಿನಲ್ಲಿ ನೀರು ಒಯ್ದು ಗಿಡಕ್ಕೆ ಹಾಕುವುದು, ಒದ್ದೆ ಬಟ್ಟೆ ಹಿಂಡುವುದು ಅವನ ಪಾಲಿಗೆ. ಹಿಂಡಿದ ಬಟ್ಟೆಯನ್ನು ಮತ್ತೆ ನೀರಿಗೆ ಹಾಕಿ ಮತ್ತೆ ಹಿಂಡುತ್ತಿದ್ದ. ಒಂದು ಬೆಳಿಗ್ಗೆ ಮುಕ್ಕಾಲು ತಾಸು ಅದನ್ನೇ ಮಾಡಿದ. ಅವತ್ತು ಒಂದೂ ಚಾಪೆ ತುಳಿಯಲಿಲ್ಲ. ಪುರುಸೊತ್ತೇ ಇರಲಿಲ್ಲ.

ಎಲ್ಲದಕ್ಕೂ ಸುಮ್ನೆ ನೋಡುತ್ತಾ ಕೂತೆವು ಅಂತ ಅಲ್ಲ. ಇನ್ನೊಬ್ಬರ ಮೇಲೆ ಕೈ ಎತ್ತಿದರೆ, ಸಾಮಾನು ಎಸೆದರೆ, ಆ ಕ್ಷಣವೇ ಕೈ ಹಿಡಿದು ತಡೆಯುತ್ತೇವೆ. ಸ್ವಾತಂತ್ರ್ಯ ಅಂದರೆ ಬೇಕಾದ್ದು ಮಾಡಿಕೋ ಅಂತ ಬಿಡುವುದು ಅಂದುಕೊಂಡು ನಮ್ಮಲ್ಲಿಗೆ ಬರುವ ಪಾಲಕರು ಇದ್ದಾರೆ. ಅವರಿಗೂ ನಿರಾಸೆ, ನಮಗೂ ತಲೆಬಿಸಿ. ಚಾಪೆ ತುಳಿದಾಗಲೂ ತಡೆಯುತ್ತಿದ್ದೆವು, ಮುಖ ನೋಡದೆ, ಮಾತಾಡದೆ, ಕೈ ಹಿಡಿದು ಅಂಚಿಗೆ ಕರೆದು ತಂದು. ಆಟದಲ್ಲಿ ರಸ ಉಳಿಯಲಿಲ್ಲ.

ಜನವರಿ ಎರಡನೇ ವಾರ ಮತ್ತೆ ಎಣಿಸಿದೆ. ಐದು. ಐದೂ ಅರಿವಿಲ್ಲದೆ ಆದದ್ದು. ಅದೇ ವಾರ ಆ ಕೂಸು ಮತ್ತೊಮ್ಮೆ ಸಾವಿರದ ಸರ ಹಾಸಿದಳು. ಮಾಣಿಯನ್ನು ನೋಡಿದ ಕೂಡಲೇ ಎರಡೂ ಕೈ ಚಾಚಿ ಅಡ್ಡ ಕೂತಳು. ಅವನು ಬಂದ. ಸರದ ಪಕ್ಕ ಕೈ ಹಿಂದೆ ಕಟ್ಟಿಕೊಂಡು ನಡೆದ. ಸಾವಿರದ ತುದಿವರೆಗೆ ಹೋಗಿ ಅಲ್ಲಿ ಸ್ವಲ್ಪ ಹೊತ್ತು ನಿಂತು ಬಂದ. ಆಮೇಲೆ ಇನ್ನೊಮ್ಮೆ. ಅವಳು ಕೈ ಇಳಿಸಿದ್ದು ಮೂರನೇ ಸುತ್ತಿನಲ್ಲಿ.

ಜಾತ್ರೆ, ಮತ್ತು ಉಳಿದದ್ದು

ಅದು ಮಾರಿಕಾಂಬಾ ಜಾತ್ರೆಯ ವರ್ಷ. ಎರಡು ವರ್ಷಕ್ಕೊಮ್ಮೆ, ಒಂಬತ್ತು ದಿನ. ಶಿರಸಿಯಲ್ಲಿ ಆ ದಿನಗಳಲ್ಲಿ ಶಾಲೆ ನಡೆಸುತ್ತೇನೆ ಅನ್ನುವವರು ಬೇರೆ ಊರಿನವರೇ ಇರಬೇಕು. ರಜೆ ಮುಗಿಸಿ ಮಾಣಿ ಬಂದದ್ದು ಪೀಪಿ ಊದುತ್ತಾ, ಒಂದು ಚಾಪೆಯ ಮೇಲಿಂದ ಇನ್ನೊಂದಕ್ಕೆ ಜಿಗಿಯುತ್ತಾ. ಅವನೊಬ್ಬನೇ ಅಲ್ಲ, ಐದು ವರ್ಷದವರೂ ಜಾತ್ರೆ ಮುಗಿಸಿರಲಿಲ್ಲ. ಹಿಂದಿನ ನಾನಾಗಿದ್ದರೆ ಎಲ್ಲ ಹಾಳಾಯಿತು ಅಂತ ಕೂರುತ್ತಿದ್ದೆ. ಪೀಪಿಯನ್ನು ಅವನ ಚೀಲಕ್ಕೆ ಅವನ ಕೈಯಿಂದಲೇ ಹಾಕಿಸಿ, ಬಕೆಟ್ ಕೊಟ್ಟೆ. ಮೂರು ದಿನ ಬೇಕಾಯಿತು.

ಇದನ್ನು ಓದಿ ಎಲ್ಲರ ಮನೆಯಂಗಳದಲ್ಲೂ ಉತ್ತರ ಇದೆ ಅಂದುಕೊಳ್ಳಬೇಡಿ. ಅದೇ ವರ್ಷ ಪೇಟೆಯ ಫ್ಲಾಟಿನಿಂದ ಬಂದ ಇನ್ನೊಬ್ಬಳು ಕೂಸಿಗೆ ಇದ್ಯಾವುದೂ ನಡೆಯಲಿಲ್ಲ. ಅವಳ ಕತೆ ಬೇರೆ, ಅವಳಿಗೆ ಬೇಕಾದದ್ದು ಚಾಪೆಯಲ್ಲ, ಒಂದು ಮೂಲೆ.

ಮಾಣಿಯ ವಿಷಯದಲ್ಲೂ ಒಂದು ಗಂಟು ಹಾಗೇ ಉಳಿದಿದೆ. ಅವನು ಚಾಪೆಯನ್ನು ಸುರುಳಿ ಸುತ್ತಿ ಇಡುವುದಿಲ್ಲ. ಕೆಲಸ ಮುಗಿದ ಮೇಲೆ ಸಾಮಾನು ಗೂಡಿಗೆ ಇಡುತ್ತಾನೆ, ಸರಿಯಾದ ಜಾಗಕ್ಕೇ ಇಡುತ್ತಾನೆ. ಚಾಪೆ ಮಾತ್ರ ಹಾಗೇ ಹಾಸಿರುತ್ತದೆ. ಸುತ್ತಿ ತೋರಿಸಿದ್ದೇನೆ, ಜೊತೆಗೆ ಸುತ್ತಿದ್ದೇನೆ. ಸುತ್ತುತ್ತಾನೆ, ನಾನು ಆಚೆ ಹೋದ ಮೇಲೆ ಮತ್ತೆ ಬಿಡಿಸುತ್ತಾನೆ. ಈ ನಡುವೆ ಅವನ ಆಯಿಯ ಹತ್ತಿರ ಮಾತಾಡುವಾಗ ಗೊತ್ತಾಯಿತು. ಮನೆಯಲ್ಲಿ ಅಡಿಕೆ ಹರಗಿದರೆ ಇಡೀ ದಿನ ಹರಗಿಯೇ ಇರುತ್ತದೆ. ಸಂಜೆ ಇಬ್ಬನಿ ಬೀಳುವ ಮೊದಲು, ಎಲ್ಲರೂ ಸೇರಿ, ಬಳಿದು ಮುಚ್ಚುತ್ತಾರೆ.

ಹನ್ನೆರಡು ಗಂಟೆಗೆ ಗೇಟಿನ ಹತ್ತಿರ ಅಜ್ಜನ ಬೈಕಿನ ಸದ್ದು ಕೇಳುತ್ತದೆ. ಆಗ ಏಳುತ್ತಾನೆ. ತನ್ನದೊಂದೇ ಅಲ್ಲ, ಕೋಣೆಯಲ್ಲಿ ಹಾಸಿರುವ ಚಾಪೆಗಳನ್ನೆಲ್ಲ, ಮೇಲೆ ಕೂತವರನ್ನು ಎಬ್ಬಿಸಿ, ಒಂದೊಂದಾಗಿ ಸುತ್ತುತ್ತಾ ಬರುತ್ತಾನೆ.